ತಿರುಪತಿಗೆ ಹೋಗದ ಹೆಂಗಸರು

ಆಗೆಲ್ಲ ನಮ್ಮ ಪಾಲಹಳ್ಳಿಯಲ್ಲಿ ಕ್ಯಾನ್ಸರನ್ನು ಯಾರೂ ಹೆಸರು ಹಿಡಿದು ಕರೆಯುತ್ತಿರಲಿಲ್ಲ. ‘ಅದು’ ಎನ್ನುತ್ತಿದ್ದರು. ತೊಂಬತ್ತರ ದಶಕದ ಮೊದಲಲ್ಲಿ, ನಾನು ಪಟ್ಟಣದ ಕಾನ್ವೆಂಟಿನಲ್ಲಿ ಒಂಬತ್ತನೇ ಕ್ಲಾಸು ಓದುತ್ತಿದ್ದಾಗ, ನನ್ನ ಕತ್ತಿನ ಎಡಗಡೆ ನೆಲ್ಲಿಕಾಯಿ ಗಾತ್ರದ ಗಂಟೊಂದು ಎದ್ದು ‘ಅದು’ ನಮ್ಮ ಮನೆಗೂ ಬಂತು.

ಅಪ್ಪ ಬಸ್ಸಿನಲ್ಲಿ ಮೈಸೂರಿನ ಆಸ್ಪತ್ರೆಗೆ ಕರೆದೊಯ್ಯುತ್ತಿದ್ದರು. ಡ್ರಿಪ್ಪು ಹಾಕಿಸಿಕೊಂಡು ಬಂದ ಮೇಲೆ ಆಲೆಮನೆಯ ಬೆಲ್ಲದ ವಾಸನೆಗೇ ವಾಂತಿಯಾಗುತ್ತಿತ್ತು. ಹಿಂದಿನ ವರ್ಷ ಅದೇ ವಾಸನೆಗೆ ಬಾಳೆಎಲೆ ಹಿಡಿದು ಓಡಿದವಳು ನಾನು. ಕೂದಲು ದಿಂಬಿನ ಮೇಲೇ ಉಳಿಯತೊಡಗಿದಾಗ ಓರಗೆಯವರು ಜಗಲಿಯ ಚೌಕಾಬಾರದಾಟಕ್ಕೂ ನನ್ನನ್ನು ಕರೆಯಲಿಲ್ಲ. “ಅವ್ಳು ಮುಟ್ಟಿದ ಕವಡೆ ಮುಟ್ಬ್ಯಾಡ್ರೋ, ಅಂಟ್ಕತದೆ” ಎಂದದ್ದು ಪಕ್ಕದ ಮನೆಯಾಕೆ. ಹಾಗೆನ್ನುವಾಗ ಆಕೆ ಕುಡಿಯುತ್ತಿದ್ದದ್ದು ನಮ್ಮ ಮನೆಯ ಮಜ್ಜಿಗೆ.

ನನ್ನ ಕೈ ಸದಾ ಕತ್ತಿನಲ್ಲೇ ಇರುತ್ತಿತ್ತು. ಗಂಟು ಕರಗಿತೇ, ಬೆಳೆಯಿತೇ? ನೋಡಿ ನೋಡಿ ಅಜ್ಜಿಗೆ ರೇಗಿತು.

“ಅದೇನ್ ಆಗ್ಲಿಂದ ತಡಕ್ತಾ ಕೂತಿದ್ದೀಯೇ? ಸುಮ್ಕಿರೋ ಕೈ ಅಲ್ಲಿಗೇ ಓಯ್ತದೆ. ಬಾ, ಅದುಕ್ಕೊಂದು ಕೆಲ್ಸ ಕೊಡ್ತೀನಿ.”

ಹಿತ್ತಲ ಗೋಡೆಗೆ ಕೆಮ್ಮಣ್ಣು ಬಳಿದು, ಬೇವಿನ ಕಡ್ಡಿಯ ತುದಿ ಜಜ್ಜಿ ಕುಂಚ ಮಾಡಿ, ತೆಂಗಿನ ಚಿಪ್ಪಿನಲ್ಲಿ ಸುಣ್ಣ ಕಲಸಿಕೊಟ್ಟಳು. ಹಬ್ಬಕ್ಕೆ ಬರೆಯುವ ಬಳ್ಳಿ, ಗಿಣಿ ಬರೆಯುತ್ತೇನೆಂದು ಅವಳ ಎಣಿಕೆ. ನಾನು ಬರೆದದ್ದು ಆಸ್ಪತ್ರೆಯ ವಾರ್ಡಿನ ಹೆಂಗಸರನ್ನು. ನಾಗಮಂಗಲದ ಸಾಕಮ್ಮ ಬೋಳುತಲೆ ಸವರಿಕೊಂಡು, “ಬುಡವ್ವ, ಎಣ್ಣೆ ಖರ್ಚು ಉಳೀತು” ಎನ್ನುತ್ತಿದ್ದಳು. ಪಾಂಡವಪುರದ ಜುಬೇದಾ ಆಂಟಿ ನನ್ನ ಡ್ರಿಪ್ಪು ಮುಗಿಯುವವರೆಗೆ ಕಾಲು ಒತ್ತುತ್ತಿದ್ದರು. ಗೋಡೆಯ ಮೇಲೆ ಎಲ್ಲರ ತಲೆಯೂ ಬೋಳು. ಸಾಕಮ್ಮನ ಹಣೆಗೆ ಅಮ್ಮನ ಭರಣಿಯ ಕುಂಕುಮವನ್ನೇ ಕಲಸಿ, ಆಕೆ ವಾರ್ಡಿನಲ್ಲಿ ಇಡುತ್ತಿದ್ದಷ್ಟೇ ಅಗಲ ಇಟ್ಟೆ.

ಒದ್ದೆ ಕೆಮ್ಮಣ್ಣಿನ ವಾಸನೆಗೆ ಮಾತ್ರ ಹೊಟ್ಟೆ ತೊಳಸುತ್ತಿರಲಿಲ್ಲ. ಬರೆದು ಮುಗಿಸಿದ ಮೇಲೆ, ಇಷ್ಟು ಹೊತ್ತೂ ಕೈ ಕತ್ತಿಗೆ ಹೋಗಿರಲಿಲ್ಲವಲ್ಲ ಎಂದು ಹೊಳೆಯುತ್ತಿತ್ತು. ಹಸಿವಾಗುತ್ತಿತ್ತು. ಮುದ್ದೆ ಗಂಟಲಲ್ಲಿ ಇಳಿಯುತ್ತಿತ್ತು.

ಆಗಲೇ ದೊಡ್ಡಪ್ಪನ ಮಗಳು ಕಮಲಕ್ಕನನ್ನು ನೋಡಲು ಅಕ್ಕಿಹೆಬ್ಬಾಳಿನ ಕಡೆಯವರು ಬರುವುದೆಂದಾಯಿತು. ಮನೆಯ ಯಜಮಾನಿಕೆ ದೊಡ್ಡಪ್ಪನದು. ಅಪ್ಪನನ್ನು ಕರೆದು, “ಮನೇಲಿ ‘ಅದು’ ಅದೆ ಅಂತ ಗೊತ್ತಾದ್ರೆ ಯಾವನ್ಲಾ ಎಣ್ಣು ತಗತಾನೆ? ಅವ್ಳು ರಾಗಿ ಕೋಣೇಲಿರ್ಲಿ” ಎಂದರು. ಅಪ್ಪ ಹೆಗಲ ಟವೆಲು ಸರಿಮಾಡಿಕೊಂಡರು, ಅಷ್ಟೇ. ಅಮ್ಮ ತಟ್ಟೆ ತುಂಬ ಕೇಸರಿಬಾತು ಕೊಟ್ಟು, ನನ್ನ ಮುಖ ನೋಡದೆ, ಹೊರಗಿನಿಂದ ಚಿಲಕ ಹಾಕಿದಳು.

ಚೀಲದ ಮೇಲೆ ಹತ್ತಿದರೆ ಕಿಟಕಿಯಿಂದ ಹಿತ್ತಲು ಕಾಣುತ್ತಿತ್ತು. ಗಂಡಿನ ತಾಯಿ ಕೈ ತೊಳೆಯಲು ಬಂದವರು ಗೋಡೆ ನೋಡಿ ನಿಂತರು.

“ಇದ ಯಾರು ಬರ್ದೋರು?”

“ನಮ್ ಕಮಲುನೇ” ಎಂದರು ದೊಡ್ಡಪ್ಪ. ಕಮಲಕ್ಕ ಪಕ್ಕದಲ್ಲೇ ಚೊಂಬು ಹಿಡಿದು ನಿಂತಿದ್ದಳು. ಕಾಲ ಹೆಬ್ಬೆರಳಿನಿಂದ ನೆಲ ಕೆರೆದಳು.

“ಇವ್ರ್ಯಾಕೆ ಇಂಗೆ ಬೋಳಾಗವ್ರೆ?”

“ತಿರುಪತಿಗೆ ಮುಡಿ ಕೊಟ್ಟು ಬಂದೋರು ಕಣವ್ವ,” ಮತ್ತೆ ದೊಡ್ಡಪ್ಪನೇ.

“ಭಕ್ತಿ ಇರೋ ಮಗ, ಬುಡಿ.”

ಜುಬೇದಾ ಆಂಟಿಯನ್ನೂ ತಿರುಪತಿಗೆ ಕಳಿಸಿಬಿಟ್ಟರು. ಸಿಟ್ಟಿಗೆ ಚೀಲದಿಂದ ಇಳಿದು ಬಾಗಿಲು ಬಡಿದೆ. “ಬೆಕ್ಕು ಸೇರ್ಕಂಡದೆ” ಎಂಬ ದೊಡ್ಡಪ್ಪನ ದನಿ ಕೇಳಿಸಿತು. ಯಾರೋ ನಕ್ಕರು.

ಮದುವೆ ಗೊತ್ತಾಯಿತು. ಮದುವೆ ಮನೆಯೆಂದು ಹಿತ್ತಲ ಗೋಡೆಗೂ ಸುಣ್ಣ ಹೊಡೆಸಿದರು. ಸಾಕಮ್ಮನ ಕುಂಕುಮ ಮಾತ್ರ ಸುಣ್ಣದಡಿಯಿಂದ ಒಸರಿ ಕಂಡಿತು. ಮೇಲೊಂದು ಕೋಟು ಹೊಡೆಸಿದರು.

ಗೌರಿ ಹಬ್ಬದ ಹೊತ್ತಿಗೆ ಗಂಟು ಕರಗಿತ್ತು. ತಲೆಯಲ್ಲಿ ಒರಟು ಕೂದಲು ಚಿಗುರಿತ್ತು. ಒಂದು ದಿನ ದೊಡ್ಡಪ್ಪ ಎಂದೂ ಇಲ್ಲದ ಅಕ್ಕರೆಯಿಂದ ಬಂದು ಪಕ್ಕದಲ್ಲಿ ಕೂತರು.

“ಕಮಲುನ್ ಅತ್ತೆ ಗೋಡೆ ಬರಿ ಅಂತ ಅಟ ಇಡ್ದವ್ರಂತೆ ಕಣವ್ವ. ಅವ್ಳಿಗೆಲ್ಲಿ ಬತ್ತದೆ? ಅಕ್ಕಿಹೆಬ್ಬಾಳಿಗೆ ಓಗಿ, ಆ ತಿರುಪತಿಯೋರ್ನ ಬರ್ಕೊಟ್ಟು ಬಂದ್ಬುಡು.”

“ನಂಗೆ ತಿರುಪತಿಯೋರ್ನ ಬರೆಯಕ್ಕೆ ಬರಲ್ಲ ದೊಡ್ಡಪ್ಪ.”

ಅವರ ಮುಖ ಬದಲಾಯಿತು. “ಬದುಕ್ಕಂಡೆ ಅಂತ ಇಷ್ಟು ಕೊಬ್ಬಾ?”

ರಾಗಿ ಕೇರುತ್ತಿದ್ದ ಅಜ್ಜಿ ಮೊರ ನಿಲ್ಲಿಸಿದಳು. “ಊಂ ಕಣ್ಲಾ, ಬದುಕವ್ಳೆ. ಕೊಬ್ತಾಳೆ ಬುಡು.”

ನಾನು ಹೋಗಲಿಲ್ಲ. ಅತ್ತೆಗೆ ಕಮಲಕ್ಕ ಏನು ಹೇಳಿಕೊಂಡಳೋ, ನಾನು ಕೇಳಲೂ ಇಲ್ಲ.

ಈಗ ಅಜ್ಜಿ ಇಲ್ಲ. ಆ ಗೋಡೆಗೆ ಟೈಲ್ಸ್ ಬಂದಿದೆ. ನನ್ನ ಗಂಡನ ಮನೆಗೆ ಬಂದಾಗಲೆಲ್ಲ ದೊಡ್ಡಪ್ಪ, “ಆ ಕಾಲ್ದಲ್ಲೇ ಮೈಸೂರ್ಗೆ ತೋರ್ಸಿ ಈ ಮಗೀನ ಉಳಿಸ್ಕಂಡೋ” ಎಂದು ನನ್ನ ಯಜಮಾನರಿಗೆ ಹೇಳುತ್ತಾರೆ. ನಾನು ಕಾಫಿ ಲೋಟ ಸದ್ದಾಗದಂತೆ ಇಟ್ಟು ಒಳಗೆ ಬರುತ್ತೇನೆ. ಕಾನ್ವೆಂಟಿನಲ್ಲಿ ಸಿಟ್ಟು ನುಂಗುವುದನ್ನು ಚೆನ್ನಾಗಿ ಕಲಿಸಿದ್ದರು. ಇದೊಂದು ಮಾತ್ರ ಇಳಿದಿಲ್ಲ.

ಸಾಕಮ್ಮ ಆ ವರ್ಷವೇ ಹೋದಳು. ಜುಬೇದಾ ಆಂಟಿ ಏನಾದರೋ ತಿಳಿಯಲಿಲ್ಲ. ಅವರದೊಂದು ಫೋಟೊ ಕೂಡ ನನ್ನಲ್ಲಿಲ್ಲ. ಇದ್ದದ್ದು ಆ ಗೋಡೆಯೊಂದೇ. ಮಧ್ಯಾಹ್ನ ಪಾತ್ರೆ ತೊಳೆದಿಟ್ಟು ಪೆನ್ಸಿಲ್ಲು ಹಿಡಿದು ಕೂರುತ್ತೇನೆ. ಸಾಕಮ್ಮನ ಕುಂಕುಮದ ಅಗಲ ಗೊತ್ತು, ಬೋಳುತಲೆಯ ಹೊಳಪು ಗೊತ್ತು. ಮುಖ ಬರುವುದಿಲ್ಲ. ಅಷ್ಟರಲ್ಲಿ ಕೈ ಕತ್ತಿಗೆ ಹೋಗಿರುತ್ತದೆ.