ಎರಡನೇ ಗುಂಪು

ನಲವತ್ಮೂರನೇ ವಯಸ್ಸಿನಲ್ಲಿ ನಾನು ಒಡವೆಗೆ ಆಸೆಪಡಲಿಲ್ಲ, ಸೈಟಿಗೂ ಪಡಲಿಲ್ಲ. ಒಂದು ವಾಟ್ಸ್ಯಾಪ್ ಗುಂಪಿಗೆ ಆಸೆಪಟ್ಟೆ. ಮಗಳು ಪಿಯುಸಿ ಮುಗಿಸಿದ ವರ್ಷ ನಾನು ಕಡೂರಿನಲ್ಲಿ ಕನ್ನಡ ಎಂ.ಎ.ಗೆ ಸೇರಿದೆ. ತರಗತಿಗೆ ಎರಡು ಗುಂಪು. ಒಂದರಲ್ಲಿ ಮೇಷ್ಟ್ರೂ ಇದ್ದಾರೆ, ನಾನೂ ಇದ್ದೇನೆ; ಅಲ್ಲಿಗೆ ವೇಳಾಪಟ್ಟಿ ಬರುತ್ತದೆ, ಎಲ್ಲರೂ ಕೈಮುಗಿಯುತ್ತಾರೆ. ಇನ್ನೊಂದರಲ್ಲಿ ನಮ್ಮಿಬ್ಬರನ್ನು ಬಿಟ್ಟು ಮಿಕ್ಕವರೆಲ್ಲ ಇದ್ದಾರೆ. ಬಸ್ಸಿನಲ್ಲಿ ಹುಡುಗರೆಲ್ಲ ಮೊಬೈಲು ನೋಡಿ ಒಟ್ಟಿಗೆ ನಕ್ಕರೆ, ನನಗೂ ಗೊತ್ತು ಅನ್ನುವ ಹಾಗೆ ನಾನೂ ಕಿಟಕಿಯಾಚೆ ನೋಡಿಕೊಂಡು ನಗುತ್ತಿದ್ದೆ.

ನಮ್ಮ ಕಡೆ ಮದುವೆಗೆ ಊರನ್ನೆಲ್ಲ ಕರೆಯುತ್ತಾರೆ, ಹಿಂದಿನ ದಿನದ ಚಪ್ಪರದ ಶಾಸ್ತ್ರಕ್ಕೆ ಬೇಕಾದವರನ್ನು ಮಾತ್ರ ಕರೆಯುತ್ತಾರೆ. ಚಪ್ಪರಕ್ಕೆ ಕರೆಯದವರಿಗೆ ಮದುವೆಯೂಟದ ಹೋಳಿಗೆಯೂ ಸಪ್ಪೆಯೇ. ನನ್ನ ಸಂಕಟವೂ ಅಂಥದ್ದು.

ಹೇಗಾದರೂ ಹತ್ತಿರವಾಗಬೇಕೆಂದು ಸೀಟು ಹಿಡಿಯಲು ಶುರುಮಾಡಿದೆ. ಅಜ್ಜಂಪುರದ ಬಸ್ ಸ್ಟ್ಯಾಂಡಿನ ಹಿಂದೆಯೇ ನನ್ನ ಮನೆ. ಎಲ್ಲರಿಗಿಂತ ಮೊದಲೇ ಹೋಗಿ ಕರ್ಚೀಫು, ಕೊಡೆ, ಊಟದ ಡಬ್ಬಿ, ಛಂದಸ್ಸಿನ ಪುಸ್ತಕ ಒಂದೊಂದು ಸೀಟಿಗೆ ಹಾಕಿ, ‘ಸೀಟು ಸಿಕ್ಕಿದೆ, ಬನ್ನಿ’ ಎಂದು ನಮ್ಮೂರಿಂದಲೇ ಹೋಗುವ ನಾಲ್ವರು ಸಹಪಾಠಿಗಳಿಗೆ ಮೆಸೇಜು ಕಳಿಸುತ್ತಿದ್ದೆ. ನಾಲ್ವರೂ ಬಂದು ಕೂರುತ್ತಿದ್ದರು. ಪಕ್ಕದಲ್ಲೇ ಕೂತ ರಶ್ಮಿ ಕೂಡ ಥ್ಯಾಂಕ್ಸನ್ನು ಮೊಬೈಲಿಗೇ ಕಳಿಸುತ್ತಿದ್ದಳು.

ಒಂದು ದಿನ ಬಸ್ಸು ಹೊರಟು ಊರು ದಾಟಿತ್ತು. ಕಂಡಕ್ಟರು ಪಾಸು ನೋಡಿ, “ಏನಪ್ಪಾ, ಕಡೂರು ಪಾಸಿಟ್ಕೊಂಡು ತರೀಕೆರೆ ಬಸ್ ಹತ್ತಿದೀರಲ್ಲೋ!” ಅಂದರು. ದಿನಾ ಕಡೂರು ಬಸ್ಸು ನಿಲ್ಲುವ ಜಾಗದಲ್ಲಿ ಅವತ್ತು ತರೀಕೆರೆಯದು ನಿಂತಿತ್ತು. ಕನ್ನಡ ಎಂ.ಎ. ಓದುವವಳು ಬೋರ್ಡಿನ ನಾಲ್ಕಕ್ಷರ ಓದಿರಲಿಲ್ಲ. ನನ್ನ ಮೆಸೇಜು ನಂಬಿ ಅವರೂ ಓದಿರಲಿಲ್ಲ. ಎರಡನೇ ಗುಂಪಿನ ಆಸೆ ಅಲ್ಲಿಗೆ ಮುಗಿಯಿತು ಅಂದುಕೊಂಡೆ.

ಎಲ್ಲರಿಗಿಂತ ಮೊದಲು ನಕ್ಕವನು ಮಂಜ, ಯಾವಾಗಲೂ ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡಿರುವವನು. “ಆಂಟಿ, ಸೀಟು ಮಾತ್ರ ಚೆನ್ನಾಗ್ ಹಿಡ್ದಿದೀರ ಕಣ್ರೀ!” ಅಂದ. ತರೀಕೆರೆಯಲ್ಲಿ ಇಳಿದು ದೋಸೆ ತಿಂದೆವು. ಕ್ಲಾಸು ಹೇಗೂ ಹೋಗಿತ್ತು, ಮೊಬೈಲುಗಳು ಜೇಬಿನಲ್ಲೇ ಉಳಿದವು. ಮಂಜ ಮೇಷ್ಟ್ರ ಕೆಮ್ಮನ್ನು ಅಣಕಿಸಿದ, ನಾನು ಅವರ ನಡಿಗೆಯನ್ನು. ರಶ್ಮಿ ನಕ್ಕೂ ನಕ್ಕೂ ಚಟ್ನಿ ಚೆಲ್ಲಿಕೊಂಡಳು. “ಆಂಟಿ, ನೀವು ಹಿಂಗೆ ಅಂತ ಗೊತ್ತೇ ಇರ್ಲಿಲ್ಲ ಕಣ್ರೀ,” ಅಂದಳು. ವಾಪಸ್ ಬರುವಾಗ ನನ್ನ ಮೊಬೈಲು ಟಿಣ್ ಅಂದಿತು. ರಶ್ಮಿ ನನ್ನನ್ನು ಎರಡನೇ ಗುಂಪಿಗೆ ಸೇರಿಸಿದ್ದಳು! ಸಂತೋಷಕ್ಕೆ ಬಸ್ಸಿನಲ್ಲೇ ಕುಣಿಯಬೇಕೆನಿಸಿತು.

ಮಾರನೆಯ ದಿನ ಬೋರ್ಡನ್ನು ಮೂರು ಸಲ ಓದಿ ಸೀಟು ಹಿಡಿದೆ. ಮೆಸೇಜನ್ನು ಈ ಸಲ ಎರಡನೇ ಗುಂಪಿಗೇ, ಗತ್ತಿನಿಂದ ಕಳಿಸಿದೆ. ಅದನ್ನು ಯಾರೂ ನಂಬಲಿಲ್ಲ. ಒಬ್ಬೊಬ್ಬರಾಗಿ ಬಾಗಿಲ ಹತ್ತಿರ ನಿಂತು, ತಲೆಯೆತ್ತಿ, ನನ್ನ ಮುಖ ನೋಡಿ, “ಆಂಟಿ, ಇದು ಕಡೂರಿಗ್ ಹೋಗುತ್ತಾ?” ಎಂದು ಬಾಯಿಬಿಟ್ಟು ಕೇಳಿದರು. ನಾಲ್ವರಿಗೂ “ಹೋಗುತ್ತೆ, ಬನ್ರೋ” ಅಂದೆ. ಆಮೇಲೂ ಹಾಗೆ ಕೇಳುವವರು ಯಾರಾದರೂ ಉಳಿದಿದ್ದಾರಾ ಎಂದು ಬಾಗಿಲ ಕಡೆ ನೋಡಿದೆ.