ಕೋಂ ಇರಬೇಕಾದಲ್ಲಿ ಬಿನ್

ಚಳ್ಳಕೆರೆಯ ನನ್ನ ವಕೀಲಿ ಕಚೇರಿಗೆ ಕಂಪ್ಯೂಟರ್ ಬಂದಾಗ ನನ್ನ ಜಂಬ ಹೇಳತೀರದು. ಹಳೆಯ ದಾವೆಯನ್ನು ತೆರೆಯುವುದು, ಹೆಸರು, ಸರ್ವೆ ನಂಬರು ಬದಲಿಸುವುದು, ಮುದ್ರಿಸುವುದು. ಅರ್ಧ ದಿನದ ಕೆಲಸ ಹತ್ತು ನಿಮಿಷಕ್ಕೆ ಮುಗಿಯುತ್ತಿತ್ತು.

ಮೊಳಕಾಲ್ಮುರು ಕಡೆಯ ಒಬ್ಬ ಹೆಣ್ಣುಮಗಳು ಬಂದದ್ದು ಆಗಲೇ. ಗಂಡ ಸತ್ತ ಮೇಲೆ ಜಮೀನು ಆಕೆಯ ಹೆಸರಿಗೆ ಆಗಿತ್ತು. ಬಿತ್ತಿದ್ದ ಶೇಂಗಾ ಕೀಳುವ ಹದಕ್ಕೆ ಬಂದಿತ್ತು. "ನೀನ್ಯಾರು? ಹೊಲ ನಮ್ಮಣ್ಣಂದು, ಬೆಳೆ ನಾನ್ ಕೀಳ್ತೀನಿ" ಎಂದು ಮೈದುನ ಕೂತಿದ್ದ. ಅವನು ಹೊಲಕ್ಕೆ ಇಳಿಯದಂತೆ ತಡೆಯಾಜ್ಞೆ ಬೇಕಿತ್ತು, ಅದೂ ತಕ್ಷಣ.

"ಹೆದರ್ಬೇಡ್ರಿ ಅವ್ವ, ನಾಳೇನೇ ತರ್ತೀನಿ" ಎಂದೆ. ನನ್ನ ಬಾಯಿಗೆ ಮಣ್ಣು ಹಾಕ! ದಾವೆ ಮುದ್ರಿಸಿ ಹೆಬ್ಬೆಟ್ಟು ಒತ್ತಿಸಿಕೊಂಡೆ, ನಾನೂ ಸಹಿ ಹಾಕಿದೆ. ಆಕೆ ಹೊಲ ಕಾಯಲು ಊರಿಗೆ ಹೋದಳು. ಮರುದಿನ ಮೊಳಕಾಲ್ಮುರು ಬಸ್ಸಿನಲ್ಲಿ ನಾನು ನಿದ್ದೆ ಹೊಡೆದೆ, ಒಂದು ಸಾಲೂ ಓದಲಿಲ್ಲ.

ತಮ್ಮ ಮಾತು ಕೇಳದೆ ತಡೆಯಾಜ್ಞೆ ಕೊಡಬಾರದೆಂದು ಮೈದುನನ ವಕೀಲರು ಕೇವಿಯಟ್ ಹಾಕಿ ಮೊದಲೇ ಕೋರ್ಟಿಗೆ ಬಂದು ಕೂತಿದ್ದರು. ದಾವೆಯ ಪ್ರತಿ ಕೊಟ್ಟೆ. ಕಣ್ಣಾಡಿಸಿ ಎದ್ದು ನಿಂತರು. "ಸ್ವಾಮಿ, ಇಲ್ಲಿ ಕೋಂ ಇಲ್ಲ, ಬಿನ್ ಐತೆ. ಈಯಮ್ಮ ಸತ್ತವರ ಹೆಂಡ್ತಿಯೋ ಮಗನೋ?"

ಕೋರ್ಟು ಹಾಲೆಲ್ಲ ನಗು. ಇಂಥವರ ಮಗ ಎನ್ನಲು ಬಿನ್, ಇಂಥವರ ಹೆಂಡತಿ ಎನ್ನಲು ಕೋಂ. ನಿನ್ನೆ ಮೊನ್ನೆ ಕಲಿತದ್ದೇನಲ್ಲ. ಆದರೆ ಕಂಪ್ಯೂಟರಿನಲ್ಲಿದ್ದ ಹಳೆಯ ದಾವೆ ಒಬ್ಬ ಗಂಡಸಿನದು. ನಾನು ಬದಲಿಸಿದ್ದು ಹೆಸರುಗಳನ್ನಷ್ಟೇ. ಒಳಪುಟದಲ್ಲೂ "ನನ್ನ ತಂದೆ ತೀರಿಕೊಂಡ ನಂತರ" ಎಂದೇ ಇತ್ತು.

ಪೆನ್ನಿನಲ್ಲೇ ತಿದ್ದುತ್ತೇನೆ ಎಂದು ಅಂಗಲಾಚಿದೆ. ಇಷ್ಟೊಂದು ತಪ್ಪಿಗೆ ಪೆನ್ನು ಸಾಲದು, ತಿದ್ದುಪಡಿ ಅರ್ಜಿ ಹಾಕಿ ಎಂದು ನ್ಯಾಯಾಧೀಶರು ಮುಂದಿನ ವಾರಕ್ಕೆ ಇಟ್ಟರು. ಥೂ! ದಾರಿಯುದ್ದಕ್ಕೂ ಆ ಹಾಳು ಡಬ್ಬಿಯನ್ನು ಬೈದೆ. ಓದದೆ ಸಹಿ ಹಾಕಿದ ಕೈ ಮಾತ್ರ ನನ್ನದೇ. ಆಕೆಗೆ ಮುಂದಿನ ವಾರ ಅಂತಷ್ಟೇ ಹೇಳಿ ಕಳಿಸಿದೆ. ಕಾರಣ ಹೇಳಲು ನಾಚಿಕೆ.

ಮೂರನೇ ದಿನ ಆಕೆಯೇ ಕಚೇರಿಗೆ ಬಂದಳು. ಮೈದುನ ಆಳು ಕರೆದುಕೊಂಡು ಬಂದು ಶೇಂಗಾ ಪೂರ್ತಿ ಕಿತ್ತುಕೊಂಡು ಹೋಗಿದ್ದ.

"ಅಡ್ಡ ನಿಂತ್ಕಂಡೆ ಸ್ವಾಮಿ. ನಾನು ನಿಮ್ಮಣ್ಣನ ಹೆಂಡ್ತಿ ಕಣೋ ಅಂದೆ. ಅವ್ನು ನಿಮ್ ಕಾಗದ ಮುಖಕ್ಕೆ ಹಿಡ್ದ. ಹಂಗಂತ ನಿನ್ ವಕೀಲನೇ ಬರ್ದಿಲ್ಲ ಅಂದ. ನಂಗೆ ಓದಾಕ್ ಬರಲ್ಲ. ನೀವೇ ಹೇಳ್ರಿ, ಸುಳ್ಳು ಹೇಳ್ದ ಅಲ್ವಾ?"

ಅವನು ಹೇಳಿದ್ದು ನಿಜ ಎಂದು ಆಕೆಗೆ ನಾನೇ ಹೇಳಬೇಕಾಯಿತು.