ಕಾಮೆಂಟ್ರಿ ಕಾಕಾ ತಪ್ಪು ಹೇಳಿದ ಚೆಂಡು

ಕಾಮೆಂಟ್ರಿ ಕಾಕಾ ಅವರ ಕೆಳತುಟಿಯ ನಡುವೆ ಹುಣಸೆಬೀಜದಷ್ಟು ಕಪ್ಪು ಕಲೆಯಿತ್ತು. ಮೂವತ್ತು ವರ್ಷ ಮೈಕನ್ನು ತುಟಿಗೆ ಒತ್ತಿ ಹಿಡಿದು ಬಿದ್ದ ಕಲೆ. ಬಾಲಾನಗರದ ಕಾರ್ಖಾನೆ ಕಾಲೊನಿಯಲ್ಲಿ ನಾವು ಹುಡುಗಿಯರು ಅದನ್ನು ನೋಡಿ ಮುಸಿಮುಸಿ ನಗುತ್ತಿದ್ದೆವು. ಬಾಲ್ ಬ್ಯಾಡ್ಮಿಂಟನ್ ತನಗೆ ಕೊಟ್ಟ ಮೆಡಲ್ ಇದೊಂದೇ ಎಂದು ಅವರೂ ನಗುತ್ತಿದ್ದರು. ಉಣ್ಣೆ ಸುತ್ತಿದ ಹಳದಿ ಚೆಂಡಿನಲ್ಲಿ ಐದೈದು ಮಂದಿ ಆಡುವ ಆ ಆಟವನ್ನು ಈಗ ಕೇಳುವವರಿಲ್ಲ. ಆಗ ಹೈದರಾಬಾದಿನಲ್ಲಿ ಅದರ ಹೆಸರೆತ್ತಿದರೆ ಕಾಕಾ ಅವರ ದನಿಯೇ ಕಿವಿಗೆ ಬರುತ್ತಿತ್ತು.

ರಾಯಚೂರು ಕಡೆಯವರು, ಹಗಲು ಕಾರ್ಖಾನೆಯ ಟೈಮ್ ಆಫೀಸಿನಲ್ಲಿ ಹಾಜರಿ ಬರೆಯುವ ಗುಮಾಸ್ತರು. ಸಂಜೆ ನೆಟ್ ಕಂಬದ ಪಕ್ಕ ಕುರ್ಚಿ ಹಾಕಿ, ಮೈಕಿಗೆ ಒಗೆದ ಕರವಸ್ತ್ರ ಸುತ್ತಿ ಕೂತರೆಂದರೆ ಹಿಂದಿಯಲ್ಲಿ ಶುರುವಾಗಿ, ತೆಲುಗಿಗೆ ಹೊರಳಿ, ಆಟ ಬಿಸಿಯಾದಾಗ ಅಪ್ಪಟ ಕನ್ನಡಕ್ಕೆ ಬಂದುಬಿಡುತ್ತಿದ್ದರು. ವಾರಕ್ಕೊಮ್ಮೆ ರೇಡಿಯೊದಲ್ಲಿ ಹತ್ತು ನಿಮಿಷ ಕ್ರೀಡಾವಾರ್ತೆ ಓದುತ್ತಿದ್ದರು. ಅದರಲ್ಲಿ ಕ್ರಿಕೆಟ್ಟಿಗೆ ಒಂದೇ ವಾಕ್ಯ, ಉಳಿದದ್ದೆಲ್ಲ ಬಾಲ್ ಬ್ಯಾಡ್ಮಿಂಟನ್. ಬೈದು ಬಂದ ಪತ್ರಗಳನ್ನು ಜೇಬಿನಲ್ಲಿಟ್ಟುಕೊಂಡು ಎಲ್ಲರಿಗೂ ತೋರಿಸುತ್ತಿದ್ದರು.

ಮೈಕಿನ ಮುಂದೆ ಅವರಿಗೆ ಕರುಣೆ ಎನ್ನುವುದು ಗೊತ್ತಿರಲಿಲ್ಲ. ನಾನು ರೊಟ್ಟಿ ಬಡಿದಂತೆ ಚೆಂಡು ಬಡಿಯುತ್ತೇನೆಂದು ಕಾಲೊನಿಗೆಲ್ಲ ಕೇಳಿಸುವಂತೆ ಅವರು ಸಾರಿದಾಗ ಬಾತ್‌ರೂಮಿನಲ್ಲಿ ಕೂತು ಅತ್ತಿದ್ದೆ. ಆದರೆ ಅವರು ಕಾಣದ್ದನ್ನು ಎಂದೂ ಹೇಳಿದವರಲ್ಲ. ಅನುಮಾನ ಬಂದರೆ ಅಂಪೈರುಗಳೂ ಅವರ ಮುಖ ನೋಡುತ್ತಿದ್ದರು. ಯಾವ ರೂಲ್ ಬುಕ್ಕಿನಲ್ಲೂ ಇಲ್ಲದ ಈ ಪದ್ಧತಿ ನಮ್ಮ ಮೈದಾನದಲ್ಲಿ ಮಾತ್ರ ಇತ್ತು.

ಅದೇ ನನ್ನನ್ನು ತಿಂದಿತು. ಕಾರ್ಖಾನೆಯಲ್ಲಿ ಆಟಗಾರ್ತಿಯರಿಗೆಂದು ಒಂದು ನೌಕರಿ ಖಾಲಿಯಿತ್ತು. ಆರಿಸುವವರು ಮುಂದಿನ ಸಾಲಿನಲ್ಲಿ ಕೂತಿದ್ದರು. ಗೆಲ್ಲಲು ನಮಗೂ ಎದುರಿನವರಿಗೂ ಒಂದೇ ಪಾಯಿಂಟು ಬೇಕಿತ್ತು. ಎದುರಾಳಿ ಹೊಡೆದ ಚೆಂಡು ನನ್ನ ತಲೆಯ ಪಕ್ಕದಲ್ಲೇ ಹಾದು ಗೆರೆಯಾಚೆ ಬಿತ್ತು. ಅಂಪೈರ್ ಔಟ್ ಎಂದರು. ನಾನು ರಾಕೆಟ್ ಎತ್ತಿ ಕುಣಿದೆ. ಆಗ ಲೌಡ್‌ಸ್ಪೀಕರ್ ಮಾತಾಡಿತು.

"ಅವಸರ ಬ್ಯಾಡ್ರಿ. ಚೆಂಡು ಹುಡುಗಿ ಜಡಿಗೆ ಹತ್ತಿ ಹೊರಗ ಹೋಗೇತಿ."

ಮೈಗೆ ತಾಗಿದರೆ ಪಾಯಿಂಟು ಎದುರಿನವರದು. ಇಲ್ಲ ಎಂದು ನಾನು ತಲೆಯಾಡಿಸಿದೆ. ಅಂಪೈರ್ ಕಾಕಾ ಅವರನ್ನು ನಂಬಿದರು. ಆಟ ಹೋಯಿತು, ನೌಕರಿ ಎದುರು ತಂಡದ ಹುಡುಗಿಯ ಪಾಲಾಯಿತು. ಮನೆಗೆ ಬಂದು ಜಡೆ ಬಿಚ್ಚಿದೆ. ಕೂದಲಲ್ಲಿ ಹಳದಿ ಉಣ್ಣೆಯ ಒಂದು ಎಳೆ ಸಿಕ್ಕಿಕೊಂಡಿತ್ತು. ಅದನ್ನು ಬಚ್ಚಲಿಗೆ ಎಸೆದು ನೀರು ಹೊಯ್ದೆ. ನನ್ನನ್ನು ನಂಬಿದ ಅಪ್ಪ, ತಾನು ಸಾಯುವ ತನಕ ಕಾಕಾ ಅವರನ್ನು ಮಾತಾಡಿಸಲಿಲ್ಲ. ಎಳೆ ಸಿಕ್ಕಿದ್ದನ್ನು ನಾನು ಅಪ್ಪನಿಗೂ ಹೇಳಲಿಲ್ಲ.

ಆಮೇಲೆ ಅಮೀರ್‌ಪೇಟ್‌ನಲ್ಲಿ ಕಂಪ್ಯೂಟರ್ ಕಲಿತೆ. ಕಲಿತವರನ್ನೆಲ್ಲ ಕಂಪನಿಗಳು ಕೈಹಿಡಿದು ಕರೆದೊಯ್ಯುತ್ತಿದ್ದ ಕಾಲ. ಮಾದಾಪುರದ ಗಾಜಿನ ಕಟ್ಟಡದಲ್ಲಿ, ಕಾರ್ಖಾನೆಯವರು ಕನಸಿನಲ್ಲೂ ಕಾಣದಂಥ ಕೆಲಸ ಸಿಕ್ಕಿತು. ಅಲ್ಲಿಗೆ ಸಿಟ್ಟು ಇಳಿಯಬೇಕಿತ್ತು. ನಾನು ಇಳಿಯಗೊಡಲಿಲ್ಲ.

ಒಂದು ದಿನ ಕಾಕಾ ನನ್ನನ್ನು ಹುಡುಕಿಕೊಂಡು ಆಫೀಸಿಗೆ ಬಂದರು. ಬಗಲಲ್ಲಿ ಎರಡು ರಾಕೆಟ್, ಕೈಯಲ್ಲಿ ಚೆಂಡಿನ ಡಬ್ಬಿ. ಕೆಲಸವೇನೂ ಇಲ್ಲದಿದ್ದರೂ ಎರಡು ತಾಸು ಕಾಯಿಸಿದೆ. ಮೇಲಿನಿಂದ ನೋಡುತ್ತಲೇ ಇದ್ದೆ. ಅವರು ವಾಚ್‌ಮನ್‌ಗೆ ಚೆಂಡು ತೋರಿಸಿ ಆಟ ವಿವರಿಸುತ್ತಿದ್ದರು. ಕೆಳಗಿಳಿದಾಗ, ಇಷ್ಟು ಹುಲ್ಲುಹಾಸು ಖಾಲಿ ಬಿದ್ದಿದೆ, ಒಂದು ಕೋರ್ಟ್ ಹಾಕಿಸು, ಹುಡುಗರಿಗೆ ತಾನೇ ಬಂದು ಕಲಿಸುತ್ತೇನೆ ಎಂದರು. ತನಗಾಗಿ ಏನನ್ನೂ ಕೇಳಲಿಲ್ಲ. ಅದು ನನ್ನನ್ನು ಇನ್ನಷ್ಟು ಉರಿಸಿತು.

"ಅವತ್ತ ನೀವು ತಪ್ಪ ಹೇಳಿದ್ರಿ ಕಾಕಾ. ಚೆಂಡು ನನ್ನ ಜಡಿಗೆ ಹತ್ತಿರಲಿಲ್ಲ."

ಅವರು ನನ್ನನ್ನೇ ನೋಡಿದರು. "ಖರೇನ?"

"ಖರೇನ."

ತುಟಿಯ ಕಲೆಯನ್ನು ಬೆರಳಿಂದ ಉಜ್ಜಿಕೊಂಡರು. "ಹಂಗಾರ ನಾ ಮೈಕ್ ಹಿಡೀಬಾರದವ್ವ" ಎಂದು ಡಬ್ಬಿಯ ಮುಚ್ಚಳ ಹಾಕಿದರು. ಲಿಫ್ಟಿನಲ್ಲಿ ಮೇಲೆ ಹೋಗುವಾಗ ನನಗೆ ಖುಷಿಯಾಗಿತ್ತು. ಮುಚ್ಚಿಟ್ಟು ಏನು ಮಾಡಲಿ.

ಆಡಿದಂತೆಯೇ ನಡೆದರು. ಆ ವರ್ಷದ ಟೂರ್ನಮೆಂಟಿನಲ್ಲಿ ಎಷ್ಟು ಕರೆದರೂ ಮೈಕ್ ಮುಟ್ಟದೆ ಹಿಂದಿನ ಸಾಲಿನಲ್ಲಿ ಕೂತಿದ್ದರಂತೆ. ರೇಡಿಯೊಗೂ ಹೋಗಲಿಲ್ಲ. ಲೌಡ್‌ಸ್ಪೀಕರಿನಲ್ಲಿ ಸಿನಿಮಾ ಹಾಡು ಹಾಕಿ ಆಟ ಆಡಿಸಿದರು. ಮೂರನೆಯ ವರ್ಷ ಆಡಿಸುವವರೂ ಇರಲಿಲ್ಲ. ನೆಟ್ ಕಂಬ ಕಿತ್ತು ಸ್ಕೂಟರ್ ನಿಲ್ಲಿಸತೊಡಗಿದರು. ಆಟ ಸತ್ತಿದ್ದಕ್ಕೆ ಜನ ನೂರು ಕಾರಣ ಹೇಳುತ್ತಾರೆ. ನನಗೆ ಗೊತ್ತಿರುವುದು ಒಂದು.

ಕಾಕಾ ತೀರಿಕೊಂಡ ದಿನ ಹೋಗಿದ್ದೆ. ಈ ಸಲವಾದರೂ ಆ ಉಣ್ಣೆ ಎಳೆಯ ಮಾತು ಹೇಳಿಬಿಡಬೇಕೆಂದು ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡಿದ್ದೆ. ಹೊರಗೆ ಮಲಗಿಸಿದ್ದರು, ತುಟಿಯ ಕಲೆ ಹಾಗೇ ಇತ್ತು. ಅವರ ಹೆಂಡತಿ, ನಮ್ಮೆಲ್ಲರ ಕಾಕಿ, ನನ್ನ ಎರಡೂ ಕೈ ಹಿಡಿದುಕೊಂಡರು.

"ನಿನ್ನ ನೌಕರಿ ಕಳದೆ ಅಂತ ಕೊನೀತನಕ ಕೊರಗಿದ್ರವ್ವ. ಅವರನ್ನ ಕ್ಷಮಾ ಮಾಡಿಬಿಡು."

ಸುತ್ತ ಕೂತಿದ್ದ ಕಾಲೊನಿಯ ಜನ ನನ್ನ ಮುಖ ನೋಡುತ್ತಿದ್ದರು. ಮಾಡಿದ್ದೇನೆ ಕಾಕಿ, ಎಂದೆ.